ಮಾತು, ಸಹಿ, ನೇಮಕ



ಗರ್ಭಪಾತ ಸರಿಯೋ ತಪ್ಪೋ ಎಂಬುದು ಇವತ್ತಿನ ವಿಷಯವಲ್ಲ. ಅದು ತಪ್ಪೆಂದು ನಂಬಿರುವ ಅಮೆರಿಕದ ಸಂಪ್ರದಾಯವಾದಿ ಮತದಾರ ತನ್ನ ಅಭ್ಯರ್ಥಿಯನ್ನು ಹೇಗೆ ಅಳೆಯಬೇಕು ಎಂಬುದಷ್ಟೇ ನನ್ನ ಪ್ರಶ್ನೆ. ನಮ್ಮಲ್ಲಿ 1971ರಲ್ಲೇ ಸಂಸತ್ತು ಗರ್ಭಪಾತಕ್ಕೆ ಷರತ್ತುಬದ್ಧ ಅನುಮತಿ ಕೊಟ್ಟಿತು. ಆಮೇಲೆ ಅದು ಚುನಾವಣೆಯ ದೊಡ್ಡ ವಿಷಯವಾಗಲೇ ಇಲ್ಲ. ಅಲ್ಲಿ ಹಾಗಾಗಲಿಲ್ಲ. 1973ರಲ್ಲಿ 'ರೋ ವರ್ಸಸ್ ವೇಡ್' ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಸಂವಿಧಾನದತ್ತ ಹಕ್ಕೆಂದು ಸಾರಿತು. ಅಲ್ಲಿಂದ ಮುಂದೆ ಶಾಸನಸಭೆಗಳ ಕೈ ಬಹುಮಟ್ಟಿಗೆ ಕಟ್ಟಿಹೋಯಿತು, ನ್ಯಾಯಮೂರ್ತಿಗಳನ್ನು ಹೆಸರಿಸುವ ಅಧ್ಯಕ್ಷನ ಕೈ ಉದ್ದವಾಯಿತು.

ರೊನಾಲ್ಡ್ ರೇಗನ್ ಅವರನ್ನೇ ನೋಡಿ. ಕ್ಯಾಲಿಫೋರ್ನಿಯಾದ ಗವರ್ನರಾಗಿ 1967ರಲ್ಲಿ ಗರ್ಭಪಾತದ ನಿರ್ಬಂಧ ಸಡಿಲಿಸುವ ಮಸೂದೆಗೆ ಸಹಿ ಹಾಕಿದವರು ಅವರೇ. ತಾಯಿಯ ಮಾನಸಿಕ ಆರೋಗ್ಯವೂ ಅದರಲ್ಲಿ ಕಾರಣವಾಗಿ ಸೇರಿತ್ತು. ಆ ಬಾಗಿಲು ಎಣಿಸಿದ್ದಕ್ಕಿಂತ ಅಗಲವಾಯಿತು. ಮುಂದೆ ಅವರು ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಅಧ್ಯಕ್ಷರಾಗಿದ್ದಾಗಲೇ, 1983ರಲ್ಲಿ, ಗರ್ಭಪಾತದ ವಿರುದ್ಧ ಪ್ರಬಂಧ ಬರೆದರು. ಆ ಪರಿವರ್ತನೆ ಪ್ರಾಮಾಣಿಕವಾದದ್ದೆಂದೇ ನನಗನಿಸುತ್ತದೆ.

ಆದರೆ 1981ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಆರಿಸಿದ್ದು ಸಾಂಡ್ರಾ ಡೇ ಓಕಾನರ್ ಅವರನ್ನು. ಆಕೆ ಅರಿಜೋನಾ ಸೆನೆಟಿನಲ್ಲಿದ್ದಾಗ, 1970ರಲ್ಲಿ, ಗರ್ಭಪಾತವನ್ನು ಅಪರಾಧವೆನ್ನುವ ಕಾನೂನನ್ನು ರದ್ದುಮಾಡುವ ಮಸೂದೆಗೆ ಸಮಿತಿಯಲ್ಲಿ ಮತ ಹಾಕಿದ್ದರು. ಗರ್ಭಪಾತ ವಿರೋಧಿಗಳು ಅದನ್ನೇ ಎತ್ತಿ ತೋರಿಸಿ ಗಲಾಟೆ ಮಾಡಿದರು. ಸೆನೆಟ್ 99–0 ಮತಗಳಿಂದ ಒಪ್ಪಿಗೆ ಕೊಟ್ಟಿತು. ದಾಖಲೆ ಮುಚ್ಚಿಟ್ಟದ್ದಾಗಿರಲಿಲ್ಲ, ಓದುವ ಮನಸ್ಸು ಇರಲಿಲ್ಲ ಅಷ್ಟೆ.

1992ರ ಕೇಸಿ ಮೊಕದ್ದಮೆಯಲ್ಲಿ 'ರೋ' ತೀರ್ಪಿನ ತಿರುಳನ್ನು ಉಳಿಸಿದ ಐವರಲ್ಲಿ ಓಕಾನರ್ ಇದ್ದರು, ರೇಗನ್ ಅವರೇ ನೇಮಿಸಿದ ಆಂಥನಿ ಕೆನಡಿ ಇದ್ದರು, ಹಿರಿಯ ಬುಷ್ ನೇಮಿಸಿದ ಡೇವಿಡ್ ಸೂಟರ್ ಇದ್ದರು. ಆ ಪೀಠದಲ್ಲಿ ಡೆಮಾಕ್ರಟಿಕ್ ಅಧ್ಯಕ್ಷರು ನೇಮಿಸಿದ್ದವರು ಒಬ್ಬರೇ, ಬೈರನ್ ವೈಟ್. ತಮಾಷೆಯೆಂದರೆ, ಅವರು 1973ರಲ್ಲೂ 1992ರಲ್ಲೂ 'ರೋ' ವಿರುದ್ಧವೇ ನಿಂತರು!

ಈಗ ಡೊನಾಲ್ಡ್ ಟ್ರಂಪ್. 1999ರಲ್ಲಿ ಟಿವಿ ಸಂದರ್ಶನದಲ್ಲಿ ತಾನು ಗರ್ಭಪಾತದ ಹಕ್ಕಿನ ಪರವೆಂದು ಹೇಳಿಕೊಂಡವರು. ಹೃದಯ ನೋಡಿ ಮತ ಹಾಕುವವರು ಇವರನ್ನು ಹೊಸಿಲು ದಾಟಲೂ ಬಿಡಬಾರದಿತ್ತು. 2016ರಲ್ಲಿ ಅವರು ಮಾಡಿದ್ದು ಒಂದೇ ಕೆಲಸ: ತಾನು ಯಾರ್‍ಯಾರನ್ನು ನ್ಯಾಯಮೂರ್ತಿ ಮಾಡಬಹುದೆಂದು ಚುನಾವಣೆಗೆ ಮೊದಲೇ ಹೆಸರಿನ ಪಟ್ಟಿ ಹೊರಡಿಸಿದರು. ಗೆದ್ದ ಮೇಲೆ ಅವರು ನೇಮಿಸಿದ ಗೋರ್ಸಚ್, ಕ್ಯಾವನಾ, ಬ್ಯಾರೆಟ್ ಮೂವರೂ ಕೋರ್ಟಿಗೆ ಬಂದರು. 2022ರ ಜೂನ್ 24ರಂದು ಡಾಬ್ಸ್ ಮೊಕದ್ದಮೆಯಲ್ಲಿ 'ರೋ' ಬಿದ್ದುಹೋಯಿತು. ಹಾಗಾಗಿ ಅಭ್ಯರ್ಥಿಯ ಮನಸ್ಸಿನಲ್ಲಿ ಏನಿದೆ ಎಂದು ಹುಡುಕುವುದಕ್ಕಿಂತ, ಅವನು ಬಯಸುವ ಕುರ್ಚಿಯಿಂದ ಏನು ಮಾಡಲು ಸಾಧ್ಯ, ಅದಕ್ಕೆ ಯಾರನ್ನು ಜೊತೆಗೆ ತರುತ್ತಾನೆ ಎಂದು ಕೇಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಡಾಬ್ಸ್ ನಂತರ ವಿಷಯ ರಾಜ್ಯಗಳಿಗೆ ಹೋಗಿದೆ. ಈಗ ತೂಗಬೇಕಾದದ್ದು ಗವರ್ನರುಗಳ, ರಾಜ್ಯ ಶಾಸಕರ ದಾಖಲೆ. ಅದಕ್ಕಿಂತ ಹೆಚ್ಚಾಗಿ, ಕೆಲವು ಕಡೆ ಪ್ರಶ್ನೆಯೇ ನೇರವಾಗಿ ಮತಪತ್ರಕ್ಕೆ ಬಂದಿದೆ. 2024ರ ನವೆಂಬರಿನಲ್ಲಿ ಮಿಸೌರಿಯ ಮತದಾರರು ಟ್ರಂಪ್ ಅವರನ್ನು ಭಾರೀ ಅಂತರದಿಂದ ಗೆಲ್ಲಿಸಿದರು. ಅದೇ ದಿನ, ಅದೇ ಮತಪತ್ರದಲ್ಲಿ, ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿಯನ್ನೂ ಗೆಲ್ಲಿಸಿದರು.