ಶಾಲೆಯ ಹಣದ ಲೆಕ್ಕ: ಗ್ರಾಮಸಭೆಯ ಮುಂದೆ ಒಂದು ಹಾಳೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಂವಿಧಾನದ 11ನೇ ಅನುಸೂಚಿಯು ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ 17ನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳೂ ಸೇರಿದಂತೆ ಶಿಕ್ಷಣ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯಿತಿಯ ಸೌಕರ್ಯ ಸಮಿತಿಯ ಕಾರ್ಯಗಳಲ್ಲಿ ಶಿಕ್ಷಣವನ್ನೂ ಸೇರಿಸಿದೆ. ಆದರೂ ‘ಊರಿನ ಶಾಲೆಗೆ ಕಳೆದ ವರ್ಷ ಎಷ್ಟು ಹಣ ಬಂದಿತು, ಯಾವುದಕ್ಕೆ ವೆಚ್ಚವಾಯಿತು?’ ಎಂದು ಗ್ರಾಮಸಭೆಯಲ್ಲಿ ಒಬ್ಬ ತಾಯಿ ಕೇಳಿದರೆ ಉತ್ತರವು ಒಂದೇ ಕಡೆ ದೊರೆಯುವುದಿಲ್ಲ. ಯಾರೋ ಲೆಕ್ಕವನ್ನು ಮುಚ್ಚಿಟ್ಟಿದ್ದಾರೆ ಎಂದು ಇದರ ಅರ್ಥವಲ್ಲ. ಹಣವು ಹಲವು ದಾರಿಗಳಲ್ಲಿ ಬರುತ್ತದೆ. ಲೆಕ್ಕವು ಹಲವು ಕಚೇರಿಗಳಲ್ಲಿ ಉಳಿಯುತ್ತದೆ.

ಶಿಕ್ಷಕರ ವೇತನ ಖಜಾನೆಯ ಮೂಲಕ ಪಾವತಿಯಾಗುತ್ತದೆ. ಶಾಲಾ ಅನುದಾನವು ಸಮಗ್ರ ಶಿಕ್ಷಣ ಯೋಜನೆಯಿಂದ ಬರುತ್ತದೆ. ಪಠ್ಯಪುಸ್ತಕ, ಸಮವಸ್ತ್ರಗಳು ಹಣವಾಗಿ ಅಲ್ಲದೆ ವಸ್ತುವಾಗಿ ತಲುಪುತ್ತವೆ. ಬಿಸಿಯೂಟದ ಲೆಕ್ಕ ಅಕ್ಷರ ದಾಸೋಹದ ವಹಿಗಳಲ್ಲಿರುತ್ತದೆ. ಕೊಠಡಿಯ ದುರಸ್ತಿಯ ಅಳತೆ ಪುಸ್ತಕ ಇಂಜಿನಿಯರಿಂಗ್ ಉಪವಿಭಾಗದಲ್ಲಿರುತ್ತದೆ. ಉದ್ಯೋಗ ಖಾತರಿಯಡಿ ಕಟ್ಟಿದ ಕಾಂಪೌಂಡಿನ ಕಡತ ಪಂಚಾಯಿತಿಯಲ್ಲೇ ಇರುತ್ತದೆ. ಇವನ್ನೆಲ್ಲ ಒಂದು ಹಾಳೆಯಲ್ಲಿ ಕೂಡಿಸುವ ಕೆಲಸಕ್ಕೆ ಗ್ರಾಮ ಪಂಚಾಯಿತಿಯಷ್ಟು ಹತ್ತಿರವಿರುವ ಸಂಸ್ಥೆ ಬೇರೊಂದಿಲ್ಲ.

ನೀರು ಸರಬರಾಜಿನಲ್ಲಿ ಟ್ಯಾಂಕಿನಿಂದ ಬಿಟ್ಟ ನೀರೆಷ್ಟು ಎಂಬುದನ್ನು ಮಾತ್ರ ಬರೆದಿಟ್ಟರೆ ಪೈಪು ಎಲ್ಲಿ ಸೋರುತ್ತಿದೆ ಎಂಬುದು ತಿಳಿಯದು. ಕೊನೆಯ ನಲ್ಲಿಗೆ ಬಂದ ನೀರನ್ನೂ ಅಳೆಯಬೇಕು. ಶಾಲೆಯ ಹಣದ ವಿಷಯದಲ್ಲಿ ಇಂತಹ ಅಳತೆ ಆಫ್ರಿಕಾದ ಉಗಾಂಡದಲ್ಲಿ ನಡೆಯಿತು. ಅಲ್ಲಿ 1996ರಲ್ಲಿ ಸುಮಾರು 250 ಸರ್ಕಾರಿ ಪ್ರಾಥಮಿಕ ಶಾಲೆಗಳ ದಾಖಲೆಗಳನ್ನು ಸರ್ಕಾರದ ಬಿಡುಗಡೆಯ ಲೆಕ್ಕದೊಡನೆ ಹೋಲಿಸಲಾಯಿತು. 1991ರಿಂದ 1995ರವರೆಗೆ ವೇತನೇತರ ತಲಾ ಅನುದಾನದಲ್ಲಿ ಸರಾಸರಿ ಶೇ. 13ರಷ್ಟು ಮಾತ್ರ ಶಾಲೆಗಳನ್ನು ತಲುಪಿತ್ತು. ಅನಂತರ ಸರ್ಕಾರವು ಬಿಡುಗಡೆಯ ಮೊತ್ತವನ್ನು ಪತ್ರಿಕೆಗಳಲ್ಲಿ ಪ್ರಕಟಿಸಿತು. ಬಂದ ಹಣವನ್ನು ಶಾಲೆಯ ಫಲಕದಲ್ಲಿ ಬರೆಯಿಸಿತು. 2001ರ ವೇಳೆಗೆ ತಲುಪುವ ಪ್ರಮಾಣ ಶೇ. 80ನ್ನು ಮೀರಿತು. ಈ ಸುಧಾರಣೆಗೆ ಪ್ರಕಟಣೆಯೊಂದೇ ಕಾರಣವಲ್ಲ, ಆಡಳಿತದ ಇತರ ಬದಲಾವಣೆಗಳೂ ಕಾರಣ ಎಂದು ವಿದ್ವಾಂಸರು ವಾದಿಸಿರುವುದುಂಟು. ಆದರೆ ಕೊನೆಯ ತುದಿಯಲ್ಲಿ ಅಳೆಯುವವರೆಗೆ ಸೋರಿಕೆಯ ಪ್ರಮಾಣ ಹೊರಬೀಳಲಿಲ್ಲ ಎಂಬುದು ನಿರ್ವಿವಾದ.

ಕರ್ನಾಟಕದಲ್ಲಿ ಇಂದು ಹಣ ಬ್ಯಾಂಕಿನ ಮೂಲಕ ಸಾಗುವುದರಿಂದ ಪರಿಸ್ಥಿತಿ ಬೇರೆ. ಇಲ್ಲಿ ಮುಖ್ಯವಾದುದು ಅಂಕಿಅಂಶದ ನಿಖರತೆ. ಪ್ರತಿ ಶಾಲೆಗೂ 11 ಅಂಕಿಗಳ ಯು-ಡೈಸ್ ಸಂಖ್ಯೆಯಿದೆ. ರಾಜ್ಯದ ಶಾಲೆಗಳ ಸಂಖ್ಯೆ 29ರಿಂದ ಆರಂಭವಾಗುತ್ತದೆ. ಮಕ್ಕಳ ದಾಖಲಾತಿ, ಕೊಠಡಿ, ಶೌಚಾಲಯ, ನೀರು ಮುಂತಾದ ವಿವರಗಳು ಅದರಡಿ ಪ್ರತಿವರ್ಷ ದಾಖಲಾಗುತ್ತವೆ. ಮುಂದಿನ ವರ್ಷದ ಯೋಜನೆ ಸಿದ್ಧವಾಗುವುದು ಈ ದಾಖಲೆಯ ಆಧಾರದ ಮೇಲೆ. ಸಮಗ್ರ ಶಿಕ್ಷಣದ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ ವಾರ್ಷಿಕ ಶಾಲಾ ಅನುದಾನ ರೂ. 10,000; 31ರಿಂದ 100 ಮಕ್ಕಳಿರುವ ಶಾಲೆಗೆ ರೂ. 25,000. ಒಂದು ಮಗುವಿನ ಹೆಸರು ಬಿಟ್ಟುಹೋದರೆ ರೂ. 15,000 ಕೈತಪ್ಪಬಹುದು. ಅದೇ ರೀತಿ, ನೀರಿಲ್ಲದೆ ಬೀಗ ಹಾಕಿದ ಹೆಣ್ಣುಮಕ್ಕಳ ಶೌಚಾಲಯವು ‘ಬಳಕೆಯಲ್ಲಿದೆ’ ಎಂದು ದಾಖಲಾದರೆ, ಕಾಗದದ ಮೇಲೆ ಆ ಶಾಲೆಗೆ ಕೊರತೆಯೇ ಇಲ್ಲ. ಕೊರತೆ ಕಾಣದ ಕಡೆ ಹಣ ಮಂಜೂರಾಗುವುದಿಲ್ಲ.

ಆದುದರಿಂದ ಪ್ರತಿ ಶಾಲೆಗೆ ಒಂದು ಹಾಳೆ ಸಿದ್ಧಪಡಿಸುವುದು ಅವಶ್ಯಕ. ಅದರಲ್ಲಿ ನಾಲ್ಕು ಕಾಲಂಗಳು ಸಾಕು: ಮಂಜೂರಾದದ್ದು, ಬಿಡುಗಡೆಯಾದದ್ದು, ವೆಚ್ಚವಾದದ್ದು, ಸ್ಥಳದಲ್ಲಿ ಇರುವುದು. ಮೊದಲ ಎರಡರ ನಡುವೆ ಅಂತರವಿದ್ದರೆ ಪ್ರಶ್ನೆ ಮೇಲಿನ ಕಚೇರಿಗೆ ಹೋಗಬೇಕು. ಎರಡನೆಯ ಮತ್ತು ಮೂರನೆಯದರ ನಡುವೆ ಅಂತರವಿದ್ದರೆ ಹಣ ತಡವಾಗಿ ಬಂದಿತೇ, ವೆಚ್ಚಮಾಡಲು ಅಡಚಣೆಯಿತ್ತೇ ಎಂದು ವಿಚಾರಿಸಬೇಕು. ಮೂರನೆಯ ಮತ್ತು ನಾಲ್ಕನೆಯದರ ನಡುವಿನ ಅಂತರಕ್ಕೆ ಮಾತ್ರ ವೋಚರು ಮತ್ತು ದಾಸ್ತಾನು ವಹಿಯ ಪರಿಶೀಲನೆ ಬೇಕು. ಈ ಮೂರನ್ನೂ ಒಂದೇ ಎಂದು ಭಾವಿಸಿ ಮುಖ್ಯ ಶಿಕ್ಷಕರ ಮೇಲೆ ಸಂಶಯಪಡುವುದು ಅನ್ಯಾಯ.

ಮಾಹಿತಿ ಸಂಗ್ರಹದ ಕ್ರಮ ಹೀಗಿರಬಹುದು:

1. ಪಂಚಾಯಿತಿಯ ಸ್ವಂತ ಕಡತಗಳಿಂದ ಆರಂಭಿಸುವುದು. ಮೂರು ವರ್ಷಗಳಲ್ಲಿ ಶಾಲೆಗಾಗಿ ಕೈಗೊಂಡ ಕಾಮಗಾರಿಗಳನ್ನು ಮೊದಲು ಬರೆಯುವುದು.

2. ಯು-ಡೈಸ್ ಶಾಲಾ ವರದಿಯನ್ನು ಮುದ್ರಿಸಿಕೊಂಡು ಶಾಲೆಗೆ ಭೇಟಿ ನೀಡಿ, ಪ್ರತಿ ನಮೂದನ್ನೂ ಕಣ್ಣಾರೆ ನೋಡಿ ತಾಳೆ ಮಾಡುವುದು.

3. ಎಸ್‌ಡಿಎಂಸಿ ಸಭೆಯಲ್ಲಿ ನಗದು ಪುಸ್ತಕವನ್ನು ನೋಡುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಪ್ರಕರಣದಂತೆ ಅನುದಾನದ ಬಳಕೆಯ ಮೇಲುಸ್ತುವಾರಿ ಶಾಲಾ ಸಮಿತಿಯ ಕರ್ತವ್ಯ. ಅದರಲ್ಲಿ ನಾಲ್ಕನೇ ಮೂರರಷ್ಟು ಸದಸ್ಯರು ಪೋಷಕರಾಗಿರಬೇಕು.

4. ಬಿಡುಗಡೆಯ ವಿವರವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಪತ್ರಮುಖೇನ ಕೇಳುವುದು. ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಅವಧಿಯಿದೆ.

5. ಹಾಳೆಯನ್ನು ಗ್ರಾಮಸಭೆಯಲ್ಲಿ ಓದಿ, ನಡವಳಿಯಲ್ಲಿ ದಾಖಲಿಸಿ, ಶಾಲೆಯ ಗೋಡೆಯ ಮೇಲೆ ಪ್ರದರ್ಶಿಸುವುದು.

ಎರಡು ಎಚ್ಚರಿಕೆಗಳು ಅಗತ್ಯ. ಏಕೋಪಾಧ್ಯಾಯ ಶಾಲೆಯಲ್ಲಿ ಪಾಠ ಮಾಡುವವರೂ ಬಿಸಿಯೂಟದ ಲೆಕ್ಕ ಬರೆಯುವವರೂ ಒಬ್ಬರೇ. ಅವರ ಮೇಲೆ ಹೊಸ ನಮೂನೆಗಳನ್ನು ಹೇರದೆ, ಇರುವ ವಹಿಗಳಿಂದಲೇ ಮಾಹಿತಿಯನ್ನು ನಕಲು ಮಾಡಿಕೊಳ್ಳತಕ್ಕದ್ದು. ಎರಡನೆಯದಾಗಿ, ಮಕ್ಕಳ ಹೆಸರು, ಜಾತಿ, ಆಧಾರ್ ಸಂಖ್ಯೆಗಳು ಈ ಹಾಳೆಯಲ್ಲಿ ಬರಕೂಡದು. ಲೆಕ್ಕ ಬೇಕಿರುವುದು ಹಣಕ್ಕೆ, ಮಕ್ಕಳ ಖಾಸಗಿ ವಿವರಗಳಿಗಲ್ಲ.

ಈ ಹಾಳೆಯಿಂದ ಕೊಠಡಿಯ ಸೋರಿಕೆ ನಿಲ್ಲುವುದಿಲ್ಲ. ಆದರೆ ‘ಶಾಲೆಗೆ ಅನುದಾನ ಬೇಕು’ ಎಂಬ ಸಾಮಾನ್ಯ ಬೇಡಿಕೆಗೂ ‘ಇಂತಿಷ್ಟು ಮಂಜೂರಾಗಿ ಇಂತಿಷ್ಟು ಬಾಕಿಯಿದೆ, ಶೌಚಾಲಯವು ದಾಖಲೆಯಲ್ಲಿದೆ, ಬಳಕೆಯಲ್ಲಿಲ್ಲ’ ಎಂಬ ನಿರ್ಣಯಕ್ಕೂ ಬಹಳ ಅಂತರವಿದೆ. ಎರಡನೆಯದಕ್ಕೆ ಕಚೇರಿಯು ನಿರ್ದಿಷ್ಟವಾದ ಉತ್ತರವನ್ನೇ ಕೊಡಬೇಕಾಗುತ್ತದೆ. ಪ್ರತಿಯೊಬ್ಬ ಸದಸ್ಯರೂ ತಮ್ಮ ಕ್ಷೇತ್ರದ ಒಂದು ಶಾಲೆಯಿಂದ ಆರಂಭಿಸಿ, ಮುಂದಿನ ಗ್ರಾಮಸಭೆಗೆ ಮುನ್ನ ಒಂದು ಹಾಳೆಯನ್ನು ಪೂರ್ಣಗೊಳಿಸುವುದು ಅಪೇಕ್ಷಣೀಯ.