ಎದೆಯುರಿಯೂ ನಮ್ಮ ದಿನಚರಿಯೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನುಡಿಯನ್ನು ಕುರಿತು ಬಲ್ಲವರು ಇಲ್ಲಿ ಮಾತನಾಡಿದ್ದಾರೆ. ಹೊಟ್ಟೆಯನ್ನು ಕುರಿತು ಮಾತನಾಡುವ ಭಾರ ನನ್ನ ಪಾಲಿಗೆ ಬಂದಿದೆ. ನಾನು ವೈದ್ಯನಲ್ಲ, ಮೂವತ್ತು ವರ್ಷ ಈ ಕಾಸರಗೋಡಿನ ಮಕ್ಕಳಿಗೆ ಕನ್ನಡ ಕಲಿಸಿದ ಅಧ್ಯಾಪಕ. ಬಹುಮಟ್ಟಿಗೆ ಅಷ್ಟೇ ಕಾಲ ಎದೆಯುರಿಯನ್ನೂ ಉಂಡವನು. ವೈದ್ಯರು ತಿಳಿಸಿದ್ದನ್ನು ನಮ್ಮ ಮಾತಿನಲ್ಲಿ ನಿಮಗೆ ಒಪ್ಪಿಸುವುದಷ್ಟೇ ನನ್ನ ಕೆಲಸ.

ಉಂಡ ಅನ್ನವನ್ನು ಪಚನಮಾಡಲು ಜಠರದಲ್ಲಿ ತೀಕ್ಷ್ಣವಾದ ಆಮ್ಲವು ಸ್ರವಿಸುತ್ತದೆ. ಅದನ್ನು ತಾಳಿಕೊಳ್ಳುವ ಲೋಳೆಯ ಹೊದಿಕೆ ಜಠರಕ್ಕುಂಟು; ಅನ್ನನಾಳಕ್ಕೆ ಅಂತಹ ರಕ್ಷಣೆಯಿಲ್ಲ. ಇವೆರಡೂ ಕೂಡುವಲ್ಲಿ ಸ್ನಾಯುವಿನ ಒಂದು ಬಳೆ ಬಾಗಿಲಿನಂತೆ ಕಾವಲಿದೆ. ಅದು ಸಡಿಲಿದರೆ ಆಮ್ಲ ಮೇಲೇರಿ ಎದೆ ಉರಿಯುತ್ತದೆ, ಹುಳಿತೇಗು ಬರುತ್ತದೆ. ಆಯುರ್ವೇದದ ಮಾಧವನಿದಾನದಲ್ಲಿ ಅಮ್ಲಪಿತ್ತಕ್ಕೆ ಒಂದು ಅಧ್ಯಾಯವೇ ಇದೆ, ಬಾಧೆ ಹೊಸದೇನಲ್ಲ.

ಬಾಗಿಲು ಸಡಿಲುವುದೇಕೆ? ಹೊಟ್ಟೆ ಬಿರಿಯೆ ಉಂಡರೆ, ಬೊಜ್ಜು ಬೆಳೆದರೆ, ಸೊಂಟಕ್ಕೆ ಬಟ್ಟೆಯನ್ನು ಬಿಗಿದರೆ ಒತ್ತಡ ಹೆಚ್ಚುತ್ತದೆ. ಹೊಗೆಸೊಪ್ಪು, ಬೀಡಿ, ಮದ್ಯ ಇವೂ ಕೇಡು ಮಾಡುತ್ತವೆ. ಕರಿದ ತಿಂಡಿಯೂ ಕಾಫಿಯೂ ಕೆಲವರಿಗೆ ಒಗ್ಗವು. ರಾತ್ರಿ ಆಟ ನೋಡಿ, ನಡುವೆ ಗೋಳಿಬಜೆಯನ್ನೂ ಚಹವನ್ನೂ ಮುಗಿಸಿ, ಮನೆಗೆ ಬಂದೊಡನೆ ಹಾಸಿಗೆಗೆ ಬೀಳುವ ನಮ್ಮ ರೂಢಿಯನ್ನು ನೆನೆದುಕೊಳ್ಳಿ. ನಿಂತಾಗ ಕೆಳಗಿಳಿಯಬೇಕಾದುದು, ಮಲಗಿದಾಗ ಸುಲಭವಾಗಿ ಮೇಲೇರುತ್ತದೆ.

ಆದುದರಿಂದ ಮೊದಲ ಮದ್ದು ಗಡಿಯಾರ. ರಾತ್ರಿಯ ಊಟಕ್ಕೂ ನಿದ್ರೆಗೂ ಮೂರು ಗಂಟೆಯ ಅಂತರವಿರಲಿ. ನಮ್ಮ ಮನೆಯಲ್ಲಿ ಒಂಬತ್ತೂವರೆಯ ಊಟವನ್ನು ಏಳಕ್ಕೆ ತಂದೆವು. ತಿಂಗಳೊಳಗೆ ಗುಣ ಕಂಡಿತು. ಎರಡನೆಯದು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ತುಂಡುಗಳನ್ನಿಟ್ಟು 6ರಿಂದ 8 ಅಂಗುಲ ಎತ್ತರಿಸುವುದು. ದಿಂಬುಗಳನ್ನು ಪೇರಿಸಿದರೆ ಸಾಲದು. ಸೊಂಟ ಮಡಿಚಿ ಹೊಟ್ಟೆಯ ಮೇಲೆ ಇನ್ನಷ್ಟು ಒತ್ತಡ ಬೀಳುತ್ತದೆ. ಎಡಮಗ್ಗುಲಲ್ಲಿ ಮಲಗುವುದೂ ಒಳಿತು; ಆಗ ಜಠರ ಕೆಳಗಿದ್ದು, ಅನ್ನನಾಳ ಸೇರುವ ಬಾಯಿ ಮೇಲಿರುತ್ತದೆ. ಮೈತೂಕ ಹೆಚ್ಚಿದ್ದವರು ಅದನ್ನು ಇಳಿಸಿಕೊಂಡರೆ ಮದ್ದಿನ ಹಂಗು ಎಷ್ಟೋ ಕಡಿಮೆಯಾದೀತು.

ಇನ್ನು ಅಜ್ಜಿಯ ಮದ್ದುಗಳು. ಕುಚ್ಚಲಕ್ಕಿಯ ಗಂಜಿ ಜಿಡ್ಡಿಲ್ಲದ ಸೌಮ್ಯ ಆಹಾರ. ರಾತ್ರಿಗೆ ಅದಕ್ಕಿಂತ ಉತ್ತಮವಾದುದು ನನಗೆ ದೊರೆತಿಲ್ಲ. ಜೀರಿಗೆ ಕುದಿಸಿದ ನೀರು ಹಿತವೆನಿಸಿದರೆ ಕುಡಿಯಬಹುದು. ಪುನರ್ಪುಳಿಯ ಸಾರು ಪಿತ್ತಶಮನವೆಂದು ನಾವು ನಂಬಿದ್ದೇವೆ. ಆದರೆ ಅದು ಹುಳಿ, ಕೆಲವರಲ್ಲಿ ಉರಿಯನ್ನು ಕೆರಳಿಸುತ್ತದೆ. ಪುದೀನ ಬಾಗಿಲನ್ನು ಸಡಿಲಿಸಬಲ್ಲದು. ಹಾಲು ಆ ಕ್ಷಣಕ್ಕೆ ತಣಿಸಿ, ಬಳಿಕ ಆಮ್ಲವನ್ನು ಹೆಚ್ಚಿಸುವುದುಂಟು. ಅಡಿಗೆ ಸೋಡಾ ಆಮ್ಲವನ್ನು ಅಳಿಸುವುದು ನಿಜ. ಅದರಲ್ಲಿ ಸೋಡಿಯಂ ಇರುವುದರಿಂದ ರಕ್ತದೊತ್ತಡ, ಹೃದಯ ಮತ್ತು ಮೂತ್ರಪಿಂಡದ ರೋಗವುಳ್ಳವರಿಗೆ ಅಪಾಯಕರ. ಇವುಗಳಲ್ಲಿ ಯಾವುದೂ ಹೊತ್ತುಮೀರಿದ ಊಟಕ್ಕೆ ಪರಿಹಾರವಲ್ಲ.

ಕೊನೆಯದಾಗಿ ಒಂದು ಮಾತು. ಅದಕ್ಕಾಗಿಯೇ ನಾನು ಇಲ್ಲಿ ನಿಂತಿದ್ದೇನೆ. ನನ್ನ ದೊಡ್ಡಪ್ಪ ಒಂದು ರಾತ್ರಿ ಎದೆ ಹಿಂಡುತ್ತದೆ ಎಂದರು. ಮೈ ಬೆವರಿತ್ತು, ಎಡದ ತೋಳು ಜೋಮು ಹಿಡಿದಿತ್ತು. "ವಾಯುವಪ್ಪ, ಕಷಾಯ ಮಾಡಿ ಕೊಡು" ಎಂದರು. ಜೀರಿಗೆಯ ಕಷಾಯವನ್ನು ಕಾಸಿ ಕೊಟ್ಟವನು ನಾನೇ. ಬೆಳಗಾಗುವುದರೊಳಗೆ ಅವರು ಇರಲಿಲ್ಲ. ಅದು ಹೊಟ್ಟೆಯ ಉರಿಯಾಗಿರಲಿಲ್ಲ, ಹೃದಯದ ಆಘಾತವಾಗಿತ್ತು. ಬೆವರು, ಉಸಿರುಕಟ್ಟು, ತೋಳಿಗೋ ದವಡೆಗೋ ಹಬ್ಬುವ ನೋವು ಕಂಡರೆ ಕಷಾಯಕ್ಕೆ ನೀರಿಡಬೇಡಿ, ವಾಹನ ಕರೆಯಿರಿ. ನುಂಗಲು ಕಷ್ಟ, ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಬಿಡದ ಉರಿ ಇವನ್ನೂ ಮುಚ್ಚಿಡದೆ ವೈದ್ಯರಿಗೆ ತಿಳಿಸಿರಿ.

ವೈದ್ಯರ ಭಾಷೆ ಬೇರೆಯಿದ್ದೀತು. ಅದಕ್ಕೆ ಅಂಜಿ ನೋವನ್ನು ಅರ್ಧ ಹೇಳಿ ಬರಬೇಡಿ. ಎರಡು ಭಾಷೆ ಬಲ್ಲ ತರುಣರು ನಮ್ಮ ಮನೆಮನೆಯಲ್ಲಿದ್ದಾರೆ. ಹಿರಿಯರ ಜೊತೆಗೆ ಅವರು ಹೋಗಲಿ. ಇದೂ ಒಂದು ಕನ್ನಡದ ಸೇವೆಯೇ.