ಹವೇಲಿಯ ಒಪ್ಪಿಗೆ



‘ಪ್ರೇಮ್ ರೋಗ್’ ಬಗ್ಗೆ ಮಾತಾಡುತ್ತೇನೆ ಎಂದಾಗ ಕಾರ್ಯದರ್ಶಿಗಳು, “ಹಾಡುಗಳ ಬಗ್ಗೆ ಜಾಸ್ತಿ ಹೇಳಿ ಸಾರ್, ಜನ ಸೇರ್ತಾರೆ” ಎಂದರು. ಜನ ಸೇರಿದ್ದೀರಿ. ಹಾಡಿನ ವಿಚಾರಕ್ಕೂ ಬರುತ್ತೇನೆ. ಅದಕ್ಕೆ ಮೊದಲು ಒಂದು ಮನೆಯ ವಿಚಾರ ಹೇಳಬೇಕು. ನನ್ನ ಲೆಕ್ಕದಲ್ಲಿ ಈ ಚಿತ್ರದ ನಿಜವಾದ ಮುಖ್ಯ ಪಾತ್ರ ಆ ಮನೆ.

1982ರಲ್ಲಿ ತೆರೆಕಂಡ ಚಿತ್ರ. ನಿರ್ದೇಶನ ರಾಜ್ ಕಪೂರ್ ಅವರದು. ಕಥೆ ಬರೆದವರು ಕಾಮನಾ ಚಂದ್ರ. ಮುಂದೆ 1989ರ ‘ಚಾಂದನಿ’ಯ ಕಥೆಯೂ ಅವರದ್ದೇ. ರಾಜ್ ಕಪೂರ್ ಚಿತ್ರ ಎಂದ ಕೂಡಲೇ ಎಲ್ಲ ಹೆಚ್ಚುಗಾರಿಕೆಯೂ ಎಲ್ಲ ಬೈಗುಳವೂ ಅವರ ಪಾಲಿಗೇ ಹೋಗಿಬಿಡುತ್ತದೆ. ಈ ಕಥೆ ಒಬ್ಬ ಹೆಂಗಸಿನ ಲೇಖನಿಯಿಂದ ಬಂದದ್ದು ಎಂಬುದನ್ನು ಮರೆಯಬೇಡಿ.

ಊರ ಠಾಕೂರರ ದೊಡ್ಡ ಹವೇಲಿ. ದೊಡ್ಡ ಠಾಕೂರ್ ಶಮ್ಮಿ ಕಪೂರ್, ತಮ್ಮ ಕುಲಭೂಷಣ್ ಖರಬಂದಾ. ತಮ್ಮನ ಮಗಳು ಮನೋರಮಾ, ಅಂದರೆ ಪದ್ಮಿನಿ ಕೊಲ್ಹಾಪುರೆ. ಚಿತ್ರ ಬಂದಾಗ ಆಕೆಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಅದೇ ಊರಿನ ಪುರೋಹಿತರ ಮನೆಯಲ್ಲಿ ಬೆಳೆದ ಅನಾಥ ಹುಡುಗ ದೇವಧರ್, ಅಂದರೆ ರಿಷಿ ಕಪೂರ್. ಠಾಕೂರರ ಧರ್ಮದಲ್ಲಿ ಪಟ್ಟಣಕ್ಕೆ ಹೋಗಿ ಓದಿ ಬಂದವನು. ಅವನಿಗೆ ಅವಳ ಮೇಲೆ ಮನಸ್ಸು. ಅವಳಿಗೆ ಅದರ ಸುಳಿವೇ ಇಲ್ಲ. ಯಾರ ಅನ್ನ ಉಂಡು ಬೆಳೆದನೋ ಅವರ ಮಗಳನ್ನು ಕೇಳುವುದು ಹೇಗೆ? ಬಾಯಿ ಮುಚ್ಚಿಕೊಂಡು ನಿಲ್ಲುತ್ತಾನೆ. ಮನೋರಮಾಳಿಗೆ ಅಂತಸ್ತಿಗೆ ತಕ್ಕ ಮನೆತನದಲ್ಲಿ ಮದುವೆಯಾಗುತ್ತದೆ. ಮದುವೆಯ ಸಡಗರ ಇಳಿಯುವ ಮೊದಲೇ ಗಂಡ ಅಪಘಾತದಲ್ಲಿ ಸಾಯುತ್ತಾನೆ.

ಹಾಡಿನ ಮಾತು ಈಗ ಬಂತು. ಸಂಗೀತ ಲಕ್ಷ್ಮೀಕಾಂತ್–ಪ್ಯಾರೇಲಾಲ್. ಬರೆದವರು ಒಬ್ಬರಲ್ಲ, ಸಂತೋಷ್ ಆನಂದ್, ಪಂಡಿತ್ ನರೇಂದ್ರ ಶರ್ಮಾ, ಅಮೀರ್ ಕಜಲ್‌ಬಾಶ್; ಸಂತೋಷ್ ಆನಂದರಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಇವುಗಳಲ್ಲಿ ಮದುವೆ ಹೊತ್ತಿನ ಒಂದು ಹಾಡಿದೆ, ಲತಾ ಹಾಡಿದ್ದು, ನಿಮಗೆಲ್ಲ ಬಾಯಿಪಾಠವಿರುತ್ತದೆ. ತವರಿನಿಂದ ಹೊರಡುವ ಹುಡುಗಿ ಅಳುತ್ತಾ ಹೊರಡುವುದು ವಾಡಿಕೆ. ಈ ಹುಡುಗಿ ಕುಣಿದುಕೊಂಡು ಹಾಡುತ್ತಾಳೆ. ಮದುವೆ ಅಂದರೆ ಏನೆಂದು ತಿಳಿಯದವಳು ಹೊಸ ಸೀರೆ, ಹೊಸ ಊರು ಎಂದು ಸಂಭ್ರಮಿಸುವ ಪರಿ ಅದು. ನೋಡುವ ನಮಗೆ ಹಿತವಾಗುವುದಿಲ್ಲ, ಮುಂದೇನೋ ಕಾದಿದೆ ಅನ್ನಿಸುತ್ತದೆ. ಆ ಹಾಡಿನಲ್ಲಿ ಮನೋರಮಾ ತನ್ನ ಬಾಯಿಂದ ತನಗೆ ಬೇಕಾದ್ದನ್ನು ಹೇಳುತ್ತಾಳೆ. ಆಮೇಲೆ ಹವೇಲಿಯಲ್ಲಿ ಅವಳ ಬಗ್ಗೆ ಬೇರೆಯವರು ಮಾತಾಡುವುದೇ ಹೆಚ್ಚು.

ವಿಧವೆಯಾದ ಮೇಲೆ ಹವೇಲಿಯ ಬಣ್ಣವೆಲ್ಲ ಒಮ್ಮೆಗೇ ಅವಳಿಂದ ದೂರ ಸರಿಯುತ್ತದೆ. ರಾಧು ಕರ್ಮಾಕರ್ ಅವರ ಕ್ಯಾಮೆರಾ ಇದನ್ನು ಮಾತಿಲ್ಲದೆ ಮಾಡುತ್ತದೆ: ಕಂಬ, ಪರದೆ, ಉಳಿದ ಹೆಂಗಸರ ಜರಿ ಎಲ್ಲ ಹಾಗೇ ಇದೆ, ಮಧ್ಯದಲ್ಲಿ ಒಂದು ಬಿಳಿ ಸೀರೆ. ನಮ್ಮ ಕಡೆ ಮಡಿ ಹೆಂಗಸರಿಗೆ ಕೆಂಪು ಸೀರೆ ಇತ್ತು. ಮರುವರ್ಷ, 1983ರಲ್ಲಿ, ಪ್ರೇಮಾ ಕಾರಂತರು ಅಂಥ ಮಡಿ ಹೆಂಗಸೊಬ್ಬಳ ಕಥೆಯಾದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ತೆರೆಗೆ ತಂದರು. ಎರಡು ಚಿತ್ರಗಳನ್ನೂ ಹತ್ತಿರ ಹತ್ತಿರದಲ್ಲಿ ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಮಲೆನಾಡಿನ ಅಡುಗೆಮನೆಯಾಗಲಿ, ಉತ್ತರದ ಜಮೀನ್ದಾರರ ಹವೇಲಿಯಾಗಲಿ, ಶಾಸ್ತ್ರ ಮಾಡಿಸಲು ಮುಂದೆ ನಿಲ್ಲುವವರು ಮನೆಯ ಹೆಂಗಸರೇ. ಗಂಡಸರು ಜಗಲಿಯಲ್ಲಿ ಕೂತಿರುತ್ತಾರೆ.

ಮನೋರಮಾಳನ್ನು ಗಂಡನ ಮನೆಗೆ ಕರೆದೊಯ್ಯುವವಳು ಓರಗಿತ್ತಿ, ತನುಜಾ ಮಾಡಿದ ಪಾತ್ರ. ಅಲ್ಲಿ ಗಂಡನ ಅಣ್ಣ, ರಜಾ ಮುರಾದ್, ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಅವಳು ತವರಿಗೆ ಮರಳುತ್ತಾಳೆ, ನಡೆದದ್ದನ್ನು ಬಾಯಿಬಿಡುವ ಹಾಗಿಲ್ಲ. ದೇವಧರ್ ಅವಳನ್ನು ಮೆಲ್ಲಗೆ ಮತ್ತೆ ಬದುಕಿಗೆ ಎಳೆಯುತ್ತಾನೆ, ಊರು ಗುಸುಗುಸು ಅನ್ನುತ್ತದೆ, ಕೊನೆಗೆ ಹೊಡೆದಾಟವಾಗುತ್ತದೆ, ದೊಡ್ಡ ಠಾಕೂರ್ ಮನಸ್ಸು ಬದಲಿಸುತ್ತಾರೆ.

ಇಲ್ಲಿ ನನ್ನದೊಂದು ತಕರಾರಿದೆ. ಮಾನ ಮಾನ ಎಂದು ಬಡಿದುಕೊಳ್ಳುವ ಮನೆಯೇ ಅವಳ ಮಾನ ಕಳೆಯಿತು ಎಂಬ ವಾದ ಸರಿಯಾದದ್ದೇ. 1982ರ ಪ್ರೇಕ್ಷಕರ ಮುಂದೆ ಅದನ್ನು ಹೇಳಲು ಎದೆಗಾರಿಕೆ ಬೇಕಿತ್ತು. ಆದರೆ ಆ ಭಾವ ಸಭ್ಯನಾಗಿದ್ದಿದ್ದರೆ? ಅವಳನ್ನು ಗೌರವದಿಂದ ನೋಡಿಕೊಂಡು, ಎರಡು ಹೊತ್ತು ಊಟ ಹಾಕಿ, ‘ನಮ್ಮ ಮನೆ ಸೊಸೆ, ಇಲ್ಲೇ ಇರಲಿ’ ಅಂದಿದ್ದರೆ? ಆಗಲೂ ಅವಳಿಗೆ ಇನ್ನೊಂದು ಮದುವೆಯ ಹಕ್ಕಿದೆ ಎಂದು ಈ ಚಿತ್ರ ಹೇಳುತ್ತಿತ್ತೇ? ನನಗೆ ಅನುಮಾನ. ಖಳನೊಬ್ಬ ಬಂದು ಪ್ರೇಕ್ಷಕರ ಕೈಯಿಂದ ಸುಲಭವಾಗಿ ಒಪ್ಪಿಗೆ ಪಡೆದುಕೊಡುತ್ತಾನೆ.

ಕಷ್ಟದ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ನಮ್ಮ ಭೈರಪ್ಪ. 1965ರ ‘ವಂಶವೃಕ್ಷ’ದಲ್ಲಿ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಖಳರಲ್ಲ. ಮಗ ಕಪಿಲೆಯಲ್ಲಿ ಮುಳುಗಿ ಸತ್ತ ಮೇಲೆ ಸೊಸೆಯನ್ನು ಕಾಲೇಜಿಗೆ ಕಳಿಸುವ ಮಾವ. ಅಂಥ ಮನೆಯಿಂದ ಕಾತ್ಯಾಯನಿ ತಾನಾಗಿ ಹೊರಗೆ ಕಾಲಿಡುತ್ತಾಳೆ, ತನಗೆ ಬೇಕಾದವನನ್ನು ಮದುವೆಯಾಗುತ್ತಾಳೆ. ಮಾವನ ಮನೆಯಲ್ಲೇ ಉಳಿದ ತನ್ನ ಮಗನನ್ನು ಕೇಳಲು ಬಂದವಳು ಬರಿಗೈಯಲ್ಲಿ ಹಿಂತಿರುಗುತ್ತಾಳೆ. ಆಮೇಲೆ ಗರ್ಭ ನಿಲ್ಲುವುದಿಲ್ಲ, ಕೊರಗಿ ಸಾಯುತ್ತಾಳೆ. ಕಾದಂಬರಿಕಾರರು ಅವಳಿಗೆ ಕೊಟ್ಟ ಶಿಕ್ಷೆಯ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಜಗಳ ನಡೆದಿದೆ. ಇವತ್ತು ಅದನ್ನು ಕೆದಕುವುದಿಲ್ಲ. ಒಂದು ಮಾತು ಸಾಕು: ಕಾತ್ಯಾಯನಿ ಯಾರ ಅಪ್ಪಣೆಗೂ ಕಾಯಲಿಲ್ಲ. ಮನೋರಮಾ ಬದುಕಿ ಉಳಿದಳು, ಆದರೆ ಅಪ್ಪಣೆಗೆ ಕಾಯಬೇಕಾಯಿತು.

ಈ ಅಪ್ಪಣೆಯ ಕಥೆ ಹಳೆಯದು. ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದಿಂದ 1856ರ ಜುಲೈನಲ್ಲಿ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ಬಂತು. ಅದೇ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಶ್ರೀಶಚಂದ್ರ ವಿದ್ಯಾರತ್ನ ಮತ್ತು ಬಾಲವಿಧವೆ ಕಾಳೀಮತಿಯ ಮದುವೆ ನಡೆಯಿತು. ಇದು ಶಾಲೆಯ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಸಾಮಾನ್ಯವಾಗಿ ಇಲ್ಲದ್ದು ಆ ಕಾಯ್ದೆಯ ಎರಡನೇ, ಮೂರನೇ ಕಲಮುಗಳು. ಮರುಮದುವೆಯಾದ ಹೆಂಗಸು ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕು ಕಳೆದುಕೊಳ್ಳುತ್ತಾಳೆ, ಸತ್ತವಳೋ ಎಂಬಂತೆ ಅದು ಮುಂದಿನ ವಾರಸುದಾರರಿಗೆ ಹೋಗುತ್ತದೆ. ಮಕ್ಕಳ ಪಾಲನೆಯನ್ನು ತಮಗೆ ವಹಿಸಿ ಎಂದು ಗಂಡನ ಕಡೆಯವರು ಕೋರ್ಟಿಗೆ ಹೋಗಬಹುದು. ಹೊಸ ಗಂಡನನ್ನು ಕೊಟ್ಟ ಕಾನೂನು ಹೊಲವನ್ನೂ ಮಗುವನ್ನೂ ಹಿಂದಿನ ಮನೆಗೇ ಬಿಟ್ಟಿತು. ಇನ್ನೊಂದು ವಿಪರ್ಯಾಸವೂ ಇದೆ. ಎಷ್ಟೋ ಜಾತಿಗಳಲ್ಲಿ ವಿಧವೆಯ ಮದುವೆ ಮೊದಲಿನಿಂದಲೂ ಇತ್ತು. ನಮ್ಮಲ್ಲಿ ಉಡಿಕೆ, ಕೂಡಿಕೆ ಎಂದು ನಡೆಯುತ್ತಿದ್ದವು, ಪಂಜಾಬಿನ ಕಡೆ ಚಾದರ ಹೊದಿಸುವುದು. ಅವರಿಗೆಲ್ಲ ಈ ಸುಧಾರಣೆ ಬೇಕಾಗಿರಲೇ ಇಲ್ಲ.

ಚಾದರದ ಮಾತು ಬಂದದ್ದರಿಂದ ಹೇಳುತ್ತೇನೆ. ರಾಜಿಂದರ್ ಸಿಂಗ್ ಬೇಡಿಯವರ ಉರ್ದು ಕಾದಂಬರಿ ‘ಏಕ್ ಚಾದರ್ ಮೈಲೀ ಸೀ’ 1986ರಲ್ಲಿ ಹಿಂದಿ ಚಿತ್ರವಾಯಿತು. ಗಾಡಿ ಹೊಡೆಯುವ ಗಂಡ ಕೊಲೆಯಾಗುತ್ತಾನೆ. ತಾನು ಮಗನಂತೆ ಸಾಕಿದ ಮೈದುನನನ್ನೇ ಮದುವೆಯಾಗು ಎಂದು ರಾನೋಗೆ ಪಂಚಾಯ್ತಿ ಹೇಳುತ್ತದೆ. ಹೇಮಾ ಮಾಲಿನಿ ರಾನೋ. ಮೈದುನ ಅದೇ ರಿಷಿ ಕಪೂರ್. ‘ಪ್ರೇಮ್ ರೋಗ್’ನಲ್ಲಿ ವಿಧವೆಯ ಕೈ ಹಿಡಿಯಲು ಊರನ್ನೇ ಎದುರು ಹಾಕಿಕೊಂಡವನು ಇಲ್ಲಿ ಅದರಿಂದ ತಪ್ಪಿಸಿಕೊಳ್ಳಲು ಒದ್ದಾಡುತ್ತಾನೆ. ಎರಡನ್ನೂ ಒಂದೇ ವಾರದಲ್ಲಿ ನೋಡಿ. ಮರುಮದುವೆಯೆಂದರೆ ಬಿಡುಗಡೆ ಎಂದು ನಾವು ಸುಮ್ಮನೆ ನಂಬಿಕೊಂಡಿರುವುದು ಅಲುಗಾಡುತ್ತದೆ. ರಾನೋಳ ಮದುವೆ ಆ ಮನೆಯ ಅನ್ನದ ಏರ್ಪಾಡು. ಕೇಳಿದರು, ಹೇಳಿದರು, ಹೊದಿಸಿದರು. ಹೂಂ ಅಂದವಳು ಯಾರೂ ಇಲ್ಲ.

‘ಶೋಲೆ’ ಗೊತ್ತಿಲ್ಲದವರು ಇಲ್ಲಿ ಇರಲಾರರು, ಅದೂ ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ. ಅದರೊಳಗೂ ಒಂದು ವಿಧವೆಯ ಮದುವೆಯ ಪ್ರಸ್ತಾಪವಿದೆ. ಸಂಜೆ ಜಯಾ ಭಾದುರಿ ಮೇಲಿನ ಮೊಗಸಾಲೆಯಲ್ಲಿ ಒಂದೊಂದೇ ದೀಪ ಆರಿಸುತ್ತಾ ಬರುವುದು, ಕೆಳಗೆ ಜಯ್, ಅಂದರೆ ಅಮಿತಾಭ್, ಮೌತ್ ಆರ್ಗನ್ ನುಡಿಸುವುದು. ಇಷ್ಟೇ ಅವರ ಪ್ರೇಮ. ಮಾವ ಠಾಕೂರ್ ಸೊಸೆಯ ತಂದೆಯ ಹತ್ತಿರ ಹೋಗಿ ಮಾತಾಡುತ್ತಾನೆ, ಇಬ್ಬರು ಹಿರಿಯರು ಸೇರಿ ಒಪ್ಪುತ್ತಾರೆ. ಆಮೇಲೆ ಚಿತ್ರ ಜಯ್‌ನನ್ನು ಕೊಂದುಬಿಡುತ್ತದೆ. ಇದೇ ರಮೇಶ್ ಸಿಪ್ಪಿ ತಮ್ಮ ಮೊದಲ ಚಿತ್ರ ‘ಅಂದಾಜ್’ನಲ್ಲಿ, 1971ರಲ್ಲಿ, ವಿಧವೆ ಹೇಮಾ ಮಾಲಿನಿಯನ್ನೂ ವಿಧುರ ಶಮ್ಮಿ ಕಪೂರರನ್ನೂ ಒಂದು ಮಾಡಿದ್ದರು. ನಾಲ್ಕು ವರ್ಷದಲ್ಲಿ ಧೈರ್ಯ ಕುಂದಿತೋ, ಗಬ್ಬರ್ ಸಿಂಗನ ಗದ್ದಲದಲ್ಲಿ ಅದಕ್ಕೆ ಜಾಗ ಸಾಲಲಿಲ್ಲವೋ, ನೀವೇ ಹೇಳಿ.

ಅಪ್ಪಣೆ ಕೊಡುವವರ ಸಾಲಿನಲ್ಲಿ ಒಂದು ಮಗುವೂ ಇದೆ. ಬಿ.ಆರ್. ಚೋಪ್ರಾ ತಮ್ಮ ಬಿ.ಆರ್. ಫಿಲ್ಮ್ಸ್ ಹೆಸರಿನಲ್ಲಿ ತೆಗೆದ ಮೊದಲ ಚಿತ್ರ ‘ಏಕ್ ಹೀ ರಾಸ್ತಾ’ ಬಂದದ್ದು 1956ರಲ್ಲಿ. ವಿದ್ಯಾಸಾಗರರ ಕಾಯ್ದೆಗೆ ಸರಿಯಾಗಿ ನೂರು ವರ್ಷ. ಗಂಡ ಸುನಿಲ್ ದತ್ ಕೊಲೆಯಾದ ಮೇಲೆ ಮೀನಾ ಕುಮಾರಿಯ ಮನೆಗೆ ಗಂಡನ ಯಜಮಾನ ಅಶೋಕ್ ಕುಮಾರ್ ಬಂದು ಹೋಗುತ್ತಾನೆ, ಜನ ಆಡಿಕೊಳ್ಳುತ್ತಾರೆ, ಆ ಬಾಯಿ ಮುಚ್ಚಿಸಲೆಂದೇ ಮದುವೆ. ಪುಟ್ಟ ಮಗನಿಗೆ ಅಂಕಲ್ ಅಂದರೆ ಪ್ರಾಣ. ಅದೇ ಅಂಕಲ್ ಅಪ್ಪನ ಜಾಗದಲ್ಲಿ ಕೂತ ಕೂಡಲೇ ಮುಖ ತಿರುಗಿಸುತ್ತಾನೆ. ಡೈಸಿ ಇರಾನಿ ಎಂಬ ಪುಟ್ಟ ಹುಡುಗಿ ಗಂಡು ವೇಷದಲ್ಲಿ ಆ ಪಾತ್ರವನ್ನು ಮಾಡಿರುವುದನ್ನು ನೋಡಬೇಕು. ನನ್ನ ಮಟ್ಟಿಗೆ ಈ ಎಲ್ಲ ಚಿತ್ರಗಳಲ್ಲಿ ಅತ್ಯಂತ ಪ್ರಾಮಾಣಿಕ ಪ್ರತಿರೋಧ ಆ ಮಗುವಿನದ್ದು. ಮಗು ಶಾಸ್ತ್ರ ಹೇಳುವುದಿಲ್ಲ, ಮರ್ಯಾದೆ ಅನ್ನುವುದಿಲ್ಲ. ಅಪ್ಪ ಬೇಕು ಅನ್ನುತ್ತದೆ, ಅಷ್ಟೆ.

ಅದೇ 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು, ಗಂಡನಿಂದ ಬಂದ ಆಸ್ತಿ ಮರುಮದುವೆಯಾದರೂ ವಿಧವೆಯ ಕೈಯಲ್ಲೇ ಉಳಿಯುವಂತಾಯಿತು. ಹಳೆಯ 1856ರ ಕಾಯ್ದೆಯನ್ನು ವಿಧ್ಯುಕ್ತವಾಗಿ ರದ್ದು ಮಾಡಿದ್ದು 1983ರಲ್ಲಿ, ‘ಪ್ರೇಮ್ ರೋಗ್’ ಬಂದ ಮರುವರ್ಷ. ಆಗಲೂ ಒಂದು ಕೊಂಡಿ ಉಳಿದಿತ್ತು: ಮಾವ ಸಾಯುವ ಹೊತ್ತಿಗೆ ಸೊಸೆ ಮರುಮದುವೆಯಾಗಿದ್ದರೆ ಮಾವನ ಆಸ್ತಿಯಲ್ಲಿ ಅವಳಿಗೆ ಪಾಲಿಲ್ಲ ಎನ್ನುವ 24ನೇ ಕಲಮು. ಅದನ್ನು ಕಿತ್ತದ್ದು 2005ರ ತಿದ್ದುಪಡಿ. ಮನೋರಮಾ ಮದುವೆಯಾಗಿ ಹೋದದ್ದು ಜಮೀನ್ದಾರರ ಮನೆಗೆ. ಅಲ್ಲಿ ಅವಳ ಪಾಲೆಷ್ಟು ಎಂಬ ಪ್ರಶ್ನೆಯನ್ನು ಇಡೀ ಚಿತ್ರದಲ್ಲಿ ಒಬ್ಬರೂ ಎತ್ತುವುದಿಲ್ಲ. ಎಲ್ಲರ ಬಾಯಲ್ಲೂ ಮಾನದ ಮಾತು. ಹಳ್ಳಿಯ ಯಾವ ಶ್ಯಾನುಭೋಗರನ್ನು ಕೇಳಿದ್ದರೂ ಮೊದಲು ಪಹಣಿ ತೆಗೆಯುತ್ತಿದ್ದರು.

ಮತ್ತೆ ಐವತ್ತು ವರ್ಷಕ್ಕೆ, 2006ರಲ್ಲಿ, ಚೋಪ್ರಾ ಅವರ ಮಗ ರವಿ ಚೋಪ್ರಾ ‘ಬಾಬುಲ್’ ತೆಗೆದರು. ಅಪ್ಪ ತೆಗೆದ ವಸ್ತು, ಅಪ್ಪನದೇ ಸಂಸ್ಥೆ. ಮಗ ಸಲ್ಮಾನ್ ಖಾನ್ ಸತ್ತ ಮೇಲೆ ಮಾವ ಅಮಿತಾಭ್ ಬಚ್ಚನ್ ಸೊಸೆ ರಾಣಿ ಮುಖರ್ಜಿಗೆ ತಾನೇ ವರ ಹುಡುಕಿ ಹೊರಡುತ್ತಾನೆ. ಸಿಗುವವನು ಜಾನ್ ಅಬ್ರಹಾಂ, ಮೊದಲಿನಿಂದಲೂ ಅವಳನ್ನು ಮನಸ್ಸಿನಲ್ಲೇ ಪ್ರೀತಿಸಿದ ಗೆಳೆಯ. ದೇವಧರ್ ನೆನಪಾದನೇ? ಇದೇ ನಮ್ಮ ಸಿನಿಮಾದ ಉಪಾಯ. ಎರಡನೇ ಗಂಡ ಮೊದಲನೆಯವನಿಗಿಂತ ಮುಂಚೆಯೇ ಸಾಲಿನಲ್ಲಿ ನಿಂತಿದ್ದವನಾಗಿರಬೇಕು. ಆಗ ಅದು ಎರಡನೇ ಮದುವೆ ಅನ್ನಿಸುವುದಿಲ್ಲ, ತಡವಾದ ಮೊದಲನೆಯದು ಅನ್ನಿಸುತ್ತದೆ, ಮನೆಮಂದಿ ಕೂತು ನೋಡಬಹುದು. ಗಂಡನನ್ನು ಮನಸಾರೆ ಪ್ರೀತಿಸಿ, ಅವನು ಹೋದ ಮೇಲೆ ದಾರಿಯಲ್ಲಿ ಸಿಕ್ಕ ಹೊಸಬನೊಬ್ಬನನ್ನು ಅಷ್ಟೇ ಪ್ರೀತಿಸುವ ಹೆಂಗಸಿಗೆ ಹಿಂದಿಯ ದೊಡ್ಡ ಚಿತ್ರಗಳು ಅಷ್ಟು ಸಲೀಸಾಗಿ ಬಾಗಿಲು ತೆರೆದಿಲ್ಲ.

‘ಬಾಬುಲ್’ ಒಳ್ಳೆಯ ಚಿತ್ರ ಎಂದು ನಾನು ಹೇಳಲಾರೆ. ಅತ್ತು ಅತ್ತು ಸಾಕಾಗುತ್ತದೆ. ಆದರೆ ಅದರಲ್ಲಿ ಸಾರಿಕಾ ಮಾಡಿದ ಪುಷ್ಪಾ ಎಂಬ ಪಾತ್ರವಿದೆ. ಅದೇ ಕುಟುಂಬದಲ್ಲಿ ಹಿಂದಿನ ತಲೆಮಾರಿನ ವಿಧವೆ. ಮದುವೆ ಬೇಡವೆಂದು ಗದರುವ ಹಿರಿಯಣ್ಣ ಓಂ ಪುರಿ ಇರುವ ಮನೆಯಲ್ಲೇ ಆಯುಷ್ಯ ಕಳೆದವಳು. ಸೊಸೆಗೆ ಮಾವ ತಾನೇ ಹೊರಟು ಗಂಡು ಹುಡುಕಿದ. ಪುಷ್ಪಾಳಿಗೆ ಅದೇ ಹಿರಿಯರು ಯಾಕೆ ಹುಡುಕಲಿಲ್ಲ ಎಂದು ಚಿತ್ರ ಯಾರನ್ನೂ ಗಟ್ಟಿಯಾಗಿ ಹಿಡಿದು ಕೇಳುವುದಿಲ್ಲ. ಮನೋರಮಾಳ ಹವೇಲಿಯಲ್ಲೂ ಹಿಂದಿನ ತಲೆಮಾರುಗಳಲ್ಲಿ ಅಂಥವರು ಇದ್ದೇ ಇದ್ದಿರಬೇಕಲ್ಲ. ರಾಜ್ ಕಪೂರ್ ಅಂಥವರನ್ನು ನಮಗೆ ತೋರಿಸಲಿಲ್ಲ. ರವಿ ಚೋಪ್ರಾ ತೋರಿಸಿದರು, ಅಷ್ಟು ಮಟ್ಟಿಗೆ ಮಗ ಅಪ್ಪನ ಕಾಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಅನ್ನಬೇಕು. ಚಿತ್ರ ನೋಡಿದವರಲ್ಲಿ ಇದನ್ನು ಒಪ್ಪದವರು ಇದ್ದರೆ ಮೈಕು ಅವರ ಕೈಗೆ ಕೊಡಿ, ನಾನು ಕೂತುಕೊಳ್ಳುತ್ತೇನೆ.